ಉಂಡು ಮಲಗಿದ ಮೇಲೆ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಹಿರಿಯರ ಗಾದೆ. ಕನ್ನಡ ಪಾಠ ಹೇಳುವುದೇ ನನ್ನ ಕಸುಬಾದ್ದರಿಂದ ಗಾದೆಗಳಲ್ಲಿ ನನಗೆ ಗೌರವವುಂಟು. ಸಾರಿಗೆ ಉಪ್ಪು ಸಾಲದುದಕ್ಕೆ, ಪೇಟೆಯಿಂದ ಹೂವು ತರಲು ಮರೆತುದಕ್ಕೆ ಹುಟ್ಟುವ ಜಗಳವಾದರೆ ಗಾದೆ ದಿಟವೇ. ಆದರೆ ಹೊಡೆತಕ್ಕೂ ಜಗಳವೆಂದೇ ಹೆಸರಿಟ್ಟು, ಅದರ ಮೇಲೂ ಈ ಗಾದೆಯನ್ನೇ ಹೊದಿಸುವವರನ್ನು ಕಂಡರೆ ಮನಸ್ಸು ಕಸಿವಿಸಿಗೊಳ್ಳುತ್ತದೆ. ಚಪ್ಪಾಳೆಗೆ ಎರಡು ಕೈ ಬೇಕು. ಏಟಿಗೆ ಒಂದೇ ಸಾಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಇಡೀ ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಯಾರದಾದರೂ ನೆರವು ಕೋರಿದವರು ನೂರಕ್ಕೆ 14 ಮಂದಿ ಮಾತ್ರ. ಉಳಿದವರೆಲ್ಲ ಉಂಡೋ ಉಣ್ಣದೆಯೋ ಮಲಗಿದವರೇ ಅಲ್ಲವೇ?

ಕಾನೂನೇನೋ ಇದೆ. 2005ರ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೊಡೆತವಷ್ಟೇ ಅಲ್ಲ, ಹೀಯಾಳಿಕೆಯೂ ಕೈಗೆ ಕಾಸು ಕೊಡದೆ ಕಾಡುವುದೂ ಅದರ ಪ್ರಕಾರ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕುಂಟು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕೆಂದೂ ಬರೆದಿದೆ. ಆದರೆ ಅರ್ಜಿ ಬರೆಯುವ ಮೊದಲು ಬಾಯಿ ಬಿಡಬೇಕಲ್ಲ!

ಅಲ್ಲಿಯೇ ಸಮಾಜ ಕಾರ್ಯಕರ್ತೆಯ ಕೆಲಸ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾಂತ್ವನ ಕೇಂದ್ರವೊಂದರಲ್ಲಿದ್ದಾಳೆ. ಯಾರ ಹೆಸರನ್ನೂ ಎತ್ತದೆ ತನ್ನ ಕೆಲಸದ ರೀತಿಯನ್ನು ಒಮ್ಮೆ ವಿವರಿಸಿದಳು. ‘ಮೊದಲು ಸುಮ್ಮನಿರಬೇಕು ಸಾರ್’ ಎಂದಳು. ಬಂದ ಹೆಂಗಸು ರೇಷನ್ ಕಾರ್ಡಿನ ಮಾತೆತ್ತುತ್ತಾಳಂತೆ, ಆಮೇಲೆ ಮಗನ ಶಾಲೆಯ ಮಾತು. ಸೆರಗಿನ ಮರೆಯ ತೋಳಿನ ಮಾತು ಬರುವ ಹೊತ್ತಿಗೆ ಕಾಫಿ ಆರಿರುತ್ತದೆ. ಆತುರಪಟ್ಟರೆ ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂಬ ಉತ್ತರ ಸಿದ್ಧ.

ತೌರಿನವರು, ನೆರೆಯವರು, ಪೊಲೀಸಿನವರು, ಎಲ್ಲರೂ ಆಕೆಯನ್ನು ಕೇಳುವುದು ಒಂದೇ: ‘ನೀನೇನು ಮಾಡಿದೆ?’ ಈ ಹುಡುಗಿ ಕೇಳುವುದು, ‘ನಿಮಗೇನಾಗಬೇಕಮ್ಮ?’ ಉತ್ತರ ಬರಲು ಕೆಲವೊಮ್ಮೆ ಮೂರು ಭೇಟಿ ಹಿಡಿಯುತ್ತದಂತೆ. ಹಾಗೆ ಕೇಳಿದವರು ಆಕೆಗೆ ಅದುವರೆಗೆ ಯಾರೂ ಇರಲಿಲ್ಲ. ಆಮೇಲೆ ಆಸ್ಪತ್ರೆಗೆ ಜೊತೆ ಹೋಗುವುದು, ರಾತ್ರಿ ತಂಗಲು ನೆಲೆ ಹುಡುಕುವುದು, ಸಂರಕ್ಷಣಾಧಿಕಾರಿಯ ಬಳಿ ದೂರು ಬರೆಸುವುದು. ಕೆಲವರು ಅದೇ ಮನೆಗೆ ಮರಳುತ್ತಾರೆ. ಮಕ್ಕಳುಂಟು, ಬೇರೆ ಸೂರಿಲ್ಲ. ಹಾಗೆ ಮರಳಿದವರನ್ನು ಈಕೆ ಬೈಯುವುದಿಲ್ಲ. ಬೈದರೆ ಮತ್ತೊಮ್ಮೆ ಬರಲು ಆಕೆಗೆ ಬಾಗಿಲೆಲ್ಲಿ?

ಹೊರಡುವ ಮುನ್ನ 181 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಹೇಳಿಕೊಡುತ್ತಾಳೆ. ಚೀಟಿಯಲ್ಲಿ ಬರೆದು ಕೊಡುವುದಿಲ್ಲ. ಚೀಟಿ ಗಂಡನ ಕೈಗೆ ಸಿಕ್ಕರೆ ಅದಕ್ಕೊಂದು ಏಟು. ಮೂರು ಸಲ ಬಾಯಲ್ಲಿ ಹೇಳಿಸಿ ಕಳುಹಿಸುತ್ತಾಳೆ. ಇಪ್ಪತ್ತು ವರ್ಷಗಳಿಂದ ನಾನೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೇನೆ. ಒಂದು ಜೀವ ಉಳಿಸಬಲ್ಲ ಪಾಠ ಇಷ್ಟು ಚಿಕ್ಕದಿರಬಹುದೆಂದು ಶಿಷ್ಯೆಯಿಂದ ತಿಳಿಯಿತು.