ಜ್ಞಾನಭಾರತಿಯ ಏರಿನಲ್ಲಿ ಕಾರು ಹೇಳುವ ಮಾತು

ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೊರಟು, ನಾಯಂಡಹಳ್ಳಿಯನ್ನು ದಾಟಿ, ರಾಜರಾಜೇಶ್ವರಿ ನಗರದ ಕಮಾನನ್ನು ಎಡಕ್ಕೆ ಬಿಟ್ಟು ಸ್ವಲ್ಪ ಮುಂದೆ ಹೋದರೆ ಬಲಗಡೆಗೆ ಜ್ಞಾನಭಾರತಿ ಸಿಗುತ್ತದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಈ ಆವರಣ ಸಾವಿರ ಎಕರೆಗೂ ಮಿಗಿಲಾದುದು. 1964ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಇಲ್ಲಿಗೆ ಬಂತು. ಅಂದು ಇದು ಊರ ಹೊರಗಿನ ಜಾಗ. ಇಂದು ಊರು ಇದನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿದೆ. ಆದರೂ ಒಳಗೆ ಕಾಲಿಟ್ಟರೆ ಮರಗಳ ನೆರಳು, ಏರಿಳಿತದ ರಸ್ತೆ, ಅದೃಷ್ಟವಿದ್ದರೆ ನವಿಲಿನ ಕೂಗು.

ಮೈಸೂರು ರಸ್ತೆಯ ಗದ್ದಲದಿಂದ ಈ ಮೌನದೊಳಗೆ ತಿರುಗಿದಾಗ ನಿಮ್ಮ ಕಾರಿನ ಸದ್ದು ನಿಮಗೆ ಮೊದಲ ಬಾರಿ ಸರಿಯಾಗಿ ಕೇಳಿಸುತ್ತದೆ. ಅದರ ವಾಸನೆಯೂ ಅಷ್ಟೆ. ಮೈಸೂರು ರಸ್ತೆಯ ಬದಿಯಲ್ಲಿ ಹರಿಯುವ ವೃಷಭಾವತಿಯ ದುರ್ವಾಸನೆ, ಲಾರಿಗಳ ಹೊಗೆ, ಎಲ್ಲದರ ನಡುವೆ ಏನೋ ಸುಟ್ಟಂತೆ ಅನಿಸಿದರೆ 'ಹೊರಗಿನದು ಇರಬೇಕು' ಎಂದು ನಾವು ಗಾಜು ಏರಿಸಿಬಿಡುತ್ತೇವೆ. ಮರಗಳ ನಡುವಿನ ಏರಿನಲ್ಲೂ ಅದೇ ವಾಸನೆ ಬಂದರೆ? ಆಗ ಅದು ಹೊಳೆಯದಲ್ಲ, ನಿಮ್ಮ ಕಾರಿನ ಕ್ಲಚ್ಚಿನದು ಆಗಿರಬಹುದು.

ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕೊಂಡಿಯೇ ಕ್ಲಚ್. ಎರಡು ಅಂಗೈಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ ಹಿಡಿದು ಒಂದನ್ನು ತಿರುಗಿಸಿ ನೋಡಿ, ಇನ್ನೊಂದೂ ಜೊತೆಗೇ ತಿರುಗುತ್ತದೆ. ಹಿಡಿತ ಸಡಿಲಿಸಿದರೆ ಒಂದರ ಮೇಲೊಂದು ಜಾರುತ್ತದೆ, ಕೈ ಬಿಸಿಯಾಗುತ್ತದೆ. ಇಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಸಿಕ್ಕಿಕೊಂಡ ಕ್ಲಚ್ ಪ್ಲೇಟಿನ ಕಥೆಯೂ ಇಷ್ಟೆ. ಚಪ್ಪಲಿಯ ಅಟ್ಟೆಯಂತೆ ಸವೆಯುವುದು ಅದರ ಧರ್ಮ. ಎಷ್ಟು ಬೇಗ ಸವೆಯಬೇಕೆಂಬುದು ಮಾತ್ರ ನಮ್ಮ ಕಾಲಿನ ಕೈಯಲ್ಲಿದೆ!

ಜ್ಞಾನಭಾರತಿಯ ಏರುರಸ್ತೆಯಲ್ಲಿ ಗಮನಿಸಬೇಕಾದ ಮೊದಲ ಲಕ್ಷಣ ಇದು: ಎಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿನ ಕೂಗು ಜೋರಾಗುತ್ತದೆ, ಕಾರಿನ ವೇಗ ಮಾತ್ರ ಏರುವುದಿಲ್ಲ. ಇದನ್ನೇ ಮೆಕ್ಯಾನಿಕ್‌ಗಳು 'ಕ್ಲಚ್ ಸ್ಲಿಪ್ ಆಗ್ತಿದೆ' ಎನ್ನುವುದು. ಸಮತಟ್ಟಾದ ರಸ್ತೆಯಲ್ಲಿ ಅಡಗಿಕೊಂಡಿರುವ ಈ ದೋಷ ಏರಿನಲ್ಲಿ, ಅದೂ ಕಾರಿನ ತುಂಬ ಜನರಿದ್ದಾಗ ಹೊರಬರುತ್ತದೆ.

ಎರಡನೆಯದು ಪೆಡಲಿನ ಎತ್ತರ. ಕ್ಲಚ್ ಚೆನ್ನಾಗಿದ್ದಾಗ ಪೆಡಲನ್ನು ಸ್ವಲ್ಪ ಬಿಟ್ಟೊಡನೆ ಕಾರು ಕದಲುತ್ತದೆ. ಪ್ಲೇಟ್ ಸವೆದಂತೆ, ಮುಖ್ಯವಾಗಿ ಕೇಬಲ್ ಇರುವ ಕಾರುಗಳಲ್ಲಿ, ಪೆಡಲ್ ಬಹುತೇಕ ಮೇಲಕ್ಕೆ ಬಂದ ಮೇಲಷ್ಟೇ ಕಾರು ಕದಲುತ್ತದೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಈ ವ್ಯತ್ಯಾಸ ಸುಲಭವಾಗಿ ತಿಳಿಯದಿರಬಹುದು. ಮೊದಲ ಗೇರಿನಲ್ಲಿ ಹೊರಡುವಾಗ ಕಾರು ನಡುಗಿದರೆ ಅದು ಮೂರನೆಯ ಲಕ್ಷಣ. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಸಲೀಸಾಗಿ ಬೀಳದೆ, ರಿವರ್ಸ್ ಹಾಕುವಾಗ ಕರ್‌ಕರ್ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಪೆಡಲ್ ಒತ್ತಿದಾಗ ಮಾತ್ರ ಕೀರಲು ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯ ಪಡಬೇಕು.

ಸಂಶಯವಿದ್ದರೆ ಒಂದು ಸರಳ ಪರೀಕ್ಷೆಯಿದೆ. ಆದರೆ ಅದನ್ನು ಕ್ಯಾಂಪಸ್ಸಿನ ರಸ್ತೆಯಲ್ಲಿ ಮಾಡಬೇಡಿ. ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟಾದ ಬಯಲು ಜಾಗದಲ್ಲಿ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದು, ಬ್ರೇಕ್ ಒತ್ತಿ ಹಿಡಿದು, ಮೂರನೆಯ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಕ್ಲಚ್ ಸರಿಯಿದ್ದರೆ ಇಂಜಿನ್ ಕೂಡಲೇ ಆಫ್ ಆಗುತ್ತದೆ. ಕ್ಲಚ್ ಬಿಟ್ಟರೂ ಇಂಜಿನ್ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಮ್ಮೆ ಮಾಡಿದರೆ ಸಾಕು. ಪದೇ ಪದೇ ಮಾಡಿದರೆ ಉಳಿದಿರುವ ಪ್ಲೇಟೂ ಸುಟ್ಟೀತು.

ಕ್ಯಾಂಪಸ್ಸಿನಲ್ಲಿ ಬೇಡವೆನ್ನಲು ಕಾರಣವಿದೆ. ಮೈಸೂರು ರಸ್ತೆಗೂ ನಾಗರಬಾವಿಗೂ ನಡುವೆ ಹತ್ತಿರದ ದಾರಿಯೆಂದು ಹೊರಗಿನ ವಾಹನಗಳು ಈ ರಸ್ತೆಗಳನ್ನು ಬಹುಕಾಲ ಬಳಸಿವೆ. 2022ರ ಅಕ್ಟೋಬರ್‌ನಲ್ಲಿ ಇಲ್ಲಿಯೇ ವಿದ್ಯಾರ್ಥಿನಿಯೊಬ್ಬಳು ಬಸ್ಸಿಗೆ ಸಿಲುಕಿ ಗಾಯಗೊಂಡು, ಆ ಬಳಿಕ ಅಸುನೀಗಿದಳು. ಸಹಪಾಠಿಗಳು ಹೊರಗಿನ ವಾಹನಗಳನ್ನು ತಡೆಯಬೇಕೆಂದು ಬೀದಿಗಿಳಿದರು. ಮನೆಯವರು ಎಷ್ಟೋ ಆಸೆಯಿಂದ ಓದಲು ಕಳಿಸಿದ ಮಕ್ಕಳು ನಡೆದಾಡುವ ದಾರಿ ಇದು. ಹಿಡಿತ ಕಳೆದುಕೊಂಡ ಕ್ಲಚ್ಚಿನ ಕಾರು ಏರಿನಲ್ಲಿ ಹಿಂದಕ್ಕೆ ಸರಿದರೆ ಅದರ ಹಿಂದೆ ಯಾರಿರುತ್ತಾರೋ ಯಾರು ಬಲ್ಲರು?

ಇನ್ನು ನಮ್ಮ ಅನೇಕ ಕುಟುಂಬಗಳು ಹಬ್ಬಕ್ಕೆ, ಮದುವೆಗೆ ಇದೇ ದಾರಿಯಾಗಿ ರಾಮನಗರ, ಚನ್ನಪಟ್ಟಣ, ಮೈಸೂರಿಗೆ ಹೋಗುತ್ತವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವಾಹನಗಳ ವೇಗ ಹೆಚ್ಚು. ಅಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟಾಗ ಪಿಕಪ್ ಕೈಕೊಟ್ಟರೆ, ಹಿಂದಿನ ಸೀಟಿನಲ್ಲಿ ಅಮ್ಮ, ಅಜ್ಜಿ, ಹಾಲುಗೂಸು ಇರುವಾಗ, ಉಳಿಸಿದ ದುಡ್ಡು ಯಾವ ಲೆಕ್ಕಕ್ಕೆ?

ಮೆಕ್ಯಾನಿಕ್‌ನ ಬಳಿ ಹೋದಾಗ ಮೊದಲು ಕೇಬಲ್ ಹೊಂದಾಣಿಕೆ ಅಥವಾ ಹೈಡ್ರಾಲಿಕ್ ಎಣ್ಣೆಯ ಸೋರಿಕೆಯನ್ನು ನೋಡಲು ಹೇಳಿ. ಕೆಲವೊಮ್ಮೆ ಅಷ್ಟರಲ್ಲೇ ಮುಗಿಯುತ್ತದೆ. ಪ್ಲೇಟೇ ಸವೆದಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಕೂಲಿಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಆದ್ದರಿಂದ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಫ್ಲೈವೀಲಿನ ಮೈ ಹೇಗಿದೆಯೆಂದು ನೋಡಿಸಿ. ಇಂಜಿನ್ ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ; ಇಲ್ಲವಾದರೆ ಹೊಸ ಪ್ಲೇಟೂ ಹಾಳಾಗುತ್ತದೆ. ಹಳೆಯ ಸಾಮಾನುಗಳನ್ನು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಹೊಸ ಪ್ಲೇಟ್ ಬಾಳಿಕೆ ಬರಬೇಕಾದರೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಓಡುವಾಗ ಪೆಡಲಿನ ಮೇಲೆ ಪಾದ ಇಟ್ಟುಕೊಳ್ಳಬೇಡಿ. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರು ನಿಲ್ಲಿಸುವ ಚಮತ್ಕಾರ ಬೇಡ. ಹ್ಯಾಂಡ್ ಬ್ರೇಕ್ ಇರುವುದೇ ಅದಕ್ಕೆ.

ರಿಪೇರಿಗೆ ಬಿಟ್ಟ ದಿನ ಓಡಾಟಕ್ಕೇನು ಮಾಡುವುದು ಎಂಬ ಚಿಂತೆಯೂ ಇಲ್ಲಿಲ್ಲ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿವರೆಗೆ ಬಂದಾಗ ಜ್ಞಾನಭಾರತಿಗೂ ಒಂದು ನಿಲ್ದಾಣ ಸಿಕ್ಕಿತು. ನೇರಳೆ ಮಾರ್ಗದ ರೈಲು ಹತ್ತಿದರೆ ನೇರ ಮೆಜೆಸ್ಟಿಕ್.

ಕೊನೆಯದಾಗಿ ಮನೆಮಂದಿಗೆಲ್ಲ ಒಂದು ಮಾತು. ಕ್ಲಚ್ ಸವೆಯುವುದು ದಿನದಿಂದ ದಿನಕ್ಕೆ, ಕೂದಲೆಳೆಯಷ್ಟು. ಪ್ರತಿದಿನ ಕಾರು ಓಡಿಸುವವರ ಕಾಲು ಅದಕ್ಕೆ ಒಗ್ಗಿಹೋಗಿರುತ್ತದೆ. ಅಪರೂಪಕ್ಕೆ ಓಡಿಸುವ ತಮ್ಮನೋ ಮಗಳೋ 'ಅಬ್ಬಾ, ಕ್ಲಚ್ ಎಷ್ಟು ಮೇಲಿದೆ!' ಎಂದರೆ, ಪಕ್ಕದಲ್ಲಿ ಕುಳಿತ ಮಡದಿ 'ಏನೋ ಸುಡ್ತಾ ಇದೆಯಲ್ಲಾ' ಎಂದರೆ ನಕ್ಕು ತಳ್ಳಿಹಾಕಬೇಡಿ. ಕಾರನ್ನು ಒಮ್ಮೆ ಬದಿಗೆ ನಿಲ್ಲಿಸಿ, ಅವರ ಮಾತಿಗೆ ಕಿವಿಗೊಡಿ.