ಹೆದ್ದಾರಿ ಬಿಟ್ಟು ಗಂಜಾಮಿಗೆ

ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ನಮ್ಮ ಅಕ್ಕನ ಮನೆಯಿದೆ. ಕಳೆದ ಸಂಕ್ರಾಂತಿಗೆ ಮೈಸೂರಿನಿಂದ ಅಲ್ಲಿಗೆ ಸೈಕಲ್ಲಿನಲ್ಲಿಯೇ ಹೋಗಿ ಸೋದರತ್ತೆಗೆ ಎಳ್ಳು ಬೀರಬೇಕೆಂದು ಹದಿನಾಲ್ಕು ವರ್ಷದ ನಮ್ಮ ಮಗಳು ಹಟ ಹಿಡಿದಳು. ನಮ್ಮ ಮನೆಯವರು ಒಂದೇ ಷರತ್ತಿನ ಮೇಲೆ ಒಪ್ಪಿದರು: ಬೆಂಗಳೂರು ರಸ್ತೆಗೆ ಚಕ್ರ ತಾಗಿಸಕೂಡದು. ಹಿಂದೊಮ್ಮೆ ನಾವು ಅದೇ ರಸ್ತೆಯಲ್ಲಿ ಲಾರಿಯೊಂದರ ಗಾಳಿಯ ಹೊಡೆತಕ್ಕೆ ತತ್ತರಿಸಿ ಚರಂಡಿಗೆ ಬಿದ್ದು, ಭುಜದ ಮೂಳೆ ಮುರಿದುಕೊಂಡು ಬಂದುದನ್ನು ಅವರು ಮರೆತಿರಲಿಲ್ಲ.

119 ಕಿಲೋಮೀಟರ್ ಉದ್ದದ ಬೆಂಗಳೂರು-ಮೈಸೂರು ದಶಪಥವು 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರಾಕ್ಟರು ಹಾಗೂ ಎಂಜಿನ್ನಿಲ್ಲದ ವಾಹನಗಳಿಗೆ ನಿಷೇಧ ಬಂದಿತು. ಆ ವೇಗವನ್ನು ಕಂಡವರು ನಿಷೇಧವನ್ನು ತಪ್ಪೆನ್ನಲಾರರು. ಆದರೆ ಹೀಗೆ ಹೊರಬಿದ್ದವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಇಳಿದಿವೆ. ಕಬ್ಬಿನ ಟ್ರಾಕ್ಟರು, ಬೈಕುಗಳ ನಡುವೆ ಸೈಕಲ್ಲಿಗೆ ಉಳಿಯುವುದು ಅಂಚಿನ ಮಣ್ಣು ಮಾತ್ರ.

ಮೊಬೈಲಿನ ನಕ್ಷೆ ಎಷ್ಟು ಬಾರಿ ಕೇಳಿದರೂ ಹೆದ್ದಾರಿಗೇ ಕರೆದೊಯ್ಯುತ್ತಿತ್ತು. ಕೊನೆಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯನ್ನು ಹರಡಿಕೊಂಡು ಕುಳಿತೆವು. ಅದರ 2 ಸೆಂಟಿಮೀಟರ್ ನೆಲದ ಮೇಲಿನ 1 ಕಿಲೋಮೀಟರ್. ಬಂಡಿಜಾಡು, ಕಾಲುದಾರಿ, ನಾಲೆಯ ಏರಿ ಎಲ್ಲವೂ ಅದರಲ್ಲಿ ಮೂಡಿರುತ್ತವೆ. ಊರಿಂದೂರಿಗೆ ಸಂತೆಗೆಂದೋ, ಗದ್ದೆಗೆಂದೋ, ಹೆಣ್ಣು ಕೊಟ್ಟು ತಂದ ನಂಟಿಗೆಂದೋ ಬೆಳೆದ ದಾರಿಗಳವು. ಈಗ ಅವುಗಳಲ್ಲಿ ಯಾವುದಕ್ಕೆ ಬೇಲಿ ಬಿದ್ದಿದೆ, ಯಾವುದು ಬಡಾವಣೆಯೊಳಗೆ ಕರಗಿದೆ ಎಂಬುದನ್ನು ಮಾತ್ರ ಊರವರಿಂದಲೇ ತಿಳಿಯಬೇಕು. ಇಲ್ಲೊಂದು ಉಪಾಯವನ್ನು ಕಂಡುಕೊಂಡೆವು. ‘ಸೈಕಲ್ಲಿಗೆ ದಾರಿ ಯಾವುದು’ ಎಂದರೆ ಎಲ್ಲರೂ ದೊಡ್ಡ ರಸ್ತೆಗೇ ಕೈ ತೋರಿಸುತ್ತಾರೆ. ‘ಹಾಲಿನ ಗಾಡಿ ಯಾವ ಕಡೆಯಿಂದ ಬರುತ್ತದೆ’ ಎಂದು ಕೇಳಿದರೆ ಒಳದಾರಿ ಸಿಗುತ್ತದೆ!

ಬೆಳಿಗ್ಗೆ ಆರೂವರೆಗೆ ಹೊರಟು, ಕೆಸರೆಯನ್ನು ದಾಟಿ ನಾಗನಹಳ್ಳಿಯ ದಿಕ್ಕು ಹಿಡಿದೆವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಶ್ರೀರಂಗಪಟ್ಟಣ ಸುಮಾರು 680 ಮೀಟರ್ ಎತ್ತರದಲ್ಲಿವೆ. ಹೋಗುವಾಗ ಇಳಿಜಾರಿನ ಸುಖ. ಮನೆಗಳ ಸಾಲು ಮುಗಿದ ಮೇಲೆ ರಾಗಿ ಕೊಯ್ದ ಹೊಲಗಳು. ನಾಲೆ ಎದುರಾದೊಡನೆ ಗದ್ದೆ, ಕಬ್ಬು, ತೆಂಗು. ಎಲ್ಲಿಂದಲೋ ಆಲೆಮನೆಯ ಪರಿಮಳ. ಜೊತೆಜೊತೆಯಾಗಿ ತುಳಿಯುತ್ತ ಮಗಳು ಶಾಲೆಯ ಸುದ್ದಿಯನ್ನೆಲ್ಲ ಹೇಳಿದಳು. ದೊಡ್ಡ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು ಬಾಯಿ ಕಟ್ಟಿಕೊಂಡು ಹೋಗಬೇಕಾಗುತ್ತಿತ್ತು.

ನಿರ್ಜನವಾದುದೆಲ್ಲ ಸುರಕ್ಷಿತವಲ್ಲ. ನಾಲೆಯ ಏರಿಗೆ ಬಹಳ ಕಡೆ ತಡೆಗೋಡೆಯಿರುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡದ್ದು ಈ ಸೀಮೆಯವರಿಗೆ ಇಂದಿಗೂ ಸಂಕಟ. ಏರಿಯ ಮೇಲೆ ಮಗಳನ್ನು ನೀರಿನಿಂದ ದೂರದ ಬದಿಯಲ್ಲಿಯೇ ಇರಿಸಿಕೊಂಡೆವು.

ಅವಳು ಬಿದ್ದದ್ದು ಮಾತ್ರ ಹುರುಳಿಯಿಂದ. ಒಕ್ಕಣೆಗೆಂದು ರಸ್ತೆಯುದ್ದಕ್ಕೂ ಹರಡಿದ್ದ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡು ಚಕ್ರ ಹಿಡಿದುಬಿಟ್ಟಿತು. ಮೊಣಕೈ ತರಚಿತು, ಎಳ್ಳಿನ ಡಬ್ಬಿಗೆ ಏನೂ ಆಗಲಿಲ್ಲ. ಒಕ್ಕುತ್ತಿದ್ದ ಅಜ್ಜಿಯೊಬ್ಬರು ಓಡಿಬಂದು, “ಇಳ್ಕೊಂಡು ಬರ್ಬಾರ್ದಾ ಮಗಾ?” ಎಂದು ಗದರುತ್ತಲೇ ಕುಡುಗೋಲಿನಿಂದ ಬಳ್ಳಿ ಬಿಡಿಸಿಕೊಟ್ಟರು. ಮಗಳು ಅವರಿಗೂ ಎಳ್ಳು ಕೊಟ್ಟಳು. ಹೆದ್ದಾರಿಯಲ್ಲಿ ಬಿದ್ದಾಗ ನಮ್ಮನ್ನು ಎತ್ತುವವರಿಲ್ಲದೆ ಕುಳಿತಿದ್ದ ಗಳಿಗೆ ನೆನಪಾಯಿತು.

ಇಷ್ಟಾದರೂ ಹೊಳೆ ನಮ್ಮ ಷರತ್ತನ್ನು ಮುರಿಯಿತು. ಹಳ್ಳಿಯ ದಾರಿಗಳು ಎಷ್ಟೇ ಕವಲೊಡೆಯಲಿ, ಕಾವೇರಿಯ ಎದುರು ಸೇತುವೆಯನ್ನು ಹುಡುಕಿಕೊಂಡು ಬರಲೇಬೇಕು. ನಾವು ಹಿಡಿದ ದಾರಿಯೂ ಅಲ್ಲಿಗೇ ಬಂದಿತು. ನೀರಿಗೆ ಈ ಕಷ್ಟವಿಲ್ಲ. ಕಂಠೀರವ ನರಸರಾಜ ಒಡೆಯರ ಕಾಲದ್ದೆನ್ನುವ ಬಂಗಾರದೊಡ್ಡಿ ನಾಲೆ ಹೊಳೆಯ ಕವಲನ್ನೇ ಮೇಲ್ಗಾಲುವೆಯಲ್ಲಿ ಹಾಯ್ದು ದ್ವೀಪಕ್ಕೆ ನೀರು ತರುತ್ತದೆ. ನಾವು ಸೈಕಲ್ಲಿನಿಂದ ಇಳಿದು, ಅಂಚಿನಲ್ಲಿ ತಳ್ಳಿಕೊಂಡು ನಡೆದೆವು. ಬಸ್ಸು ಹಾದಾಗಲೆಲ್ಲ ಮಗಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಆ ಕೆಲವು ನಿಮಿಷಗಳು ಅಷ್ಟೂ ದಾರಿಗಿಂತ ದೀರ್ಘವೆನಿಸಿದವು.

ಪಟ್ಟಣದ ಒಳಬೀದಿಗಳಿಂದ ಗಂಜಾಮ್ ತಲುಪಿದಾಗ ಹತ್ತು ಗಂಟೆ. ಸುಮಾರು 15 ಕಿಲೋಮೀಟರಿನ ದಾರಿ ಬಳಸಿ ಬಳಸಿ 22 ಆಗಿತ್ತು. ಅಕ್ಕ ಮೊದಲು ಮೊಣಕೈ ನೋಡಿ, ಆಮೇಲೆ ನಮ್ಮ ಮುಖ ನೋಡಿದರು. ಮರುದಿನ ಬೆಳಿಗ್ಗೆ, 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯವರೆಗೆ ಹೋಗಿ, ಅದರ ಕಲ್ಲುಕಂಬಗಳನ್ನು ನೋಡಿಕೊಂಡು ಬಂದೆವು. ಹಿಂದಿರುಗುವಾಗ ಇಳಿಜಾರೆಲ್ಲ ಏರಾಯಿತು; ಎರಡು ಕಡೆ ಕುಳಿತು ಕಬ್ಬು ತಿಂದೆವು.

ಮನೆಯಲ್ಲಿ ಮೊದಲ ಪ್ರಶ್ನೆ ಸೇತುವೆಯದೇ ಆಗಿತ್ತು. “ಇಳಿದು ತಳ್ಕೊಂಡು ಬಂದ್ವಿ ಅಮ್ಮ” ಎಂದಳು ಮಗಳು. ಬೇಸಿಗೆಯ ರಜೆಗೆ ಅವಳಿಗೆ ಒಬ್ಬಳೇ ಹೋಗಬೇಕಂತೆ. ಹಳ್ಳಿಯ ದಾರಿಗೆ ಒಪ್ಪಿಗೆ ದೊರೆತಿದೆ. ಸೇತುವೆಯ ಮಾತು ಇನ್ನೂ ತೀರ್ಮಾನವಾಗಿಲ್ಲ.