ಗಿಟಾರ್ ಬರುವ ಮುನ್ನ
ಕೊಡಗಿನ ಬಾಳೆಲೆ ಊರಿನಲ್ಲಿ ಕಕ್ಕಡ ಮಾಸದ ರಾತ್ರಿ. ಕರೆಂಟ್ ಹೋಗಿ ಎರಡು ಗಂಟೆಯಾಗಿದೆ. ಹೆಂಚಿನ ಮೇಲೆ ಮಳೆ ಬಿಡದೆ ಸುರಿಯುತ್ತಿದೆ. ಜಗಲಿಯ ತುಂಬ ಒದ್ದೆ ಕಂಬಳಿಯ, ಬೆಲ್ಲದ ಕಾಫಿಯ ವಾಸನೆ. ಮೊಬೈಲಿನಲ್ಲಿ ರ‍್ಯಾಪ್ ತಂಡ ರನ್-ಡಿಎಂಸಿಯ ‘ರೈಸಿಂಗ್ ಹೆಲ್’ ಆಲ್ಬಂ ಹಾಕಿ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೀರಿ. ಒಂದೇ ಕಿವಿಗೆ. ಇನ್ನೊಂದು ಕಿವಿ ತೋಟಕ್ಕೆ. ನಾಗರಹೊಳೆಯ ಆನೆಗಳು ಹಲಸಿನ ಹಣ್ಣು ಹುಡುಕಿ ಬರುವ ಕಾಲವಿದು.

ನಾಲ್ಕನೆಯ ಹಾಡು. ಬರೀ ಡ್ರಮ್. ಇಷ್ಟು ಒದ್ದೆ ರಾತ್ರಿಯಲ್ಲಿ ಎಷ್ಟು ಒಣ ಸದ್ದು! ಎದೆಗೂಡಿಗೇ ಬಂದು ಬೀಳುತ್ತದೆ.

ಕಣ್ಣು ಮುಚ್ಚಿ. 1986ರ ಮಾರ್ಚ್, ಮ್ಯಾನ್‌ಹಟನ್ನಿನ ಸ್ಟುಡಿಯೊ. ಕ್ವೀನ್ಸಿನ ಹಾಲಿಸ್‌ನಲ್ಲಿ ಬೆಳೆದ ರನ್ ಮತ್ತು ಡಿಎಂಸಿಗೆ ರಾಕ್ ತಂಡ ಏರೋಸ್ಮಿತ್‌ನ 1975ರ ಹಾಡಿನ ಈ ಡ್ರಮ್ ಅಂಗೈ ಗೆರೆಯಷ್ಟು ಪರಿಚಿತ. ಹಾಡು ಮಾತ್ರ ಗೊತ್ತಿಲ್ಲ. ಗಿಟಾರ್ ಬರುವ ಮುಂಚೆಯೇ ಅವರ ಡಿಜೆ ಜಾಮ್ ಮಾಸ್ಟರ್ ಜೇ ರೆಕಾರ್ಡಿನ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿಬಿಡುತ್ತಿದ್ದ. ಉಳಿದದ್ದು ಅವರಿಗೆ ಬೇಡದ ಸಾಮಾನು. ಈಗ ನಿರ್ಮಾಪಕ ರಿಕ್ ರೂಬಿನ್ ಪಟ್ಟು ಹಿಡಿದಿದ್ದಾರೆ: ಪೂರ್ತಿ ಹಾಡಬೇಕು, ಅದೇ ಸಾಲುಗಳನ್ನು. ಏರೋಸ್ಮಿತ್‌ನ ಸ್ಟೀವನ್ ಟೈಲರ್, ಜೋ ಪೆರ್ರಿ ಬಂದೇ ಬಿಟ್ಟಿದ್ದಾರೆ. ನಮ್ಮ ಬೀದಿಯವರು ಕೇಳಿದರೆ ಏನಂದಾರು? ಗಂಟಲು ಒಣಗುತ್ತದೆ. ಮೊದಲ ಸಲ ಸಾಲುಗಳು ಸಪ್ಪೆಯಾಗಿ ಬಾಯಿಂದ ಉದುರುತ್ತವೆ.

ಚಟ್!

ಬಿದಿರು. ಹಾಡು ನಿಲ್ಲಿಸುತ್ತೀರಿ. ಟಾರ್ಚ್ ಹಾಕಲೇ? ಬೆಳಕು ಕಂಡರೆ ಆನೆ ಈ ಕಡೆಗೇ ತಿರುಗೀತು. ಹಾಕದಿದ್ದರೆ ಎಲ್ಲಿದೆ ಎಂದು ತಿಳಿಯುವುದಿಲ್ಲ. ಬೆರಳು ಸ್ವಿಚ್ಚಿನ ಮೇಲೆ. ಉಸಿರು ಬಿಗಿ. ಹಣ್ಣಾದ ಹಲಸಿನ ಘಾಟು, ಅದರ ಹಿಂದೆ ಹಸಿ ಲದ್ದಿಯದು. ಕಾಫಿ ಗಿಡ ಸರಿದ ಸದ್ದು. ಇನ್ನೊಮ್ಮೆ. ಆಮೇಲೆ ಕೆರೆಯ ಕಡೆಗೆ, ದೂರ, ಇನ್ನೂ ದೂರ.

ಅಂಗೈ ಬೆವರಿದೆ. ಮತ್ತೆ ಪ್ಲೇ ಒತ್ತುತ್ತೀರಿ.

ಗಿಟಾರ್ ನುಗ್ಗುತ್ತದೆ. ಈ ಸಲ ಯಾರೂ ತಟ್ಟೆ ತಿರುಗಿಸುವುದಿಲ್ಲ. ರನ್ ಅರ್ಧಕ್ಕೆ ಬಿಟ್ಟ ಸಾಲನ್ನು ಡಿಎಂಸಿ ಗಾಳಿಯಲ್ಲೇ ಹಿಡಿಯುತ್ತಾನೆ, ಟೈಲರ್ ಮೇಲಿನಿಂದ ಕಿರುಚುತ್ತಾರೆ. ಐನ್‌ಮನೆಯಲ್ಲಿ ದುಡಿ ವಾದ್ಯ ಹಿಡಿದು ಕೂತ ನಾಲ್ವರಲ್ಲಿ ಇಬ್ಬರು ಬಿಟ್ಟ ಪಾಟಿನ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವುದನ್ನು ಕೇಳಿ ಬೆಳೆದ ಕಿವಿಗೆ ಈ ಆಟ ಹೊಸದಲ್ಲ. ಮೈ ತಾನಾಗಿ ತೂಗುತ್ತದೆ. ಈ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರುವುದು, ಈ ಆಲ್ಬಂ ಪ್ಲಾಟಿನಂ ಪಡೆದ ಮೊದಲ ರ‍್ಯಾಪ್ ಆಲ್ಬಂ ಆಗುವುದು ಸ್ಟುಡಿಯೊದಲ್ಲಿರುವ ಯಾರಿಗೂ ಇನ್ನೂ ಗೊತ್ತಿಲ್ಲ.

ಕೆರೆಯ ಕಡೆ ಯಾರೋ ಪಟಾಕಿ ಹೊಡೆಯುತ್ತಾರೆ. ಮಳೆ ಜೋರಾಗುತ್ತದೆ. ನೀವು ಸೌಂಡ್ ಏರಿಸುತ್ತೀರಿ.